ಐಸು, ಉಪ್ಪು ಮತ್ತು ಪ್ರತಿಕಾಯದ ಸೀಸೆ

"ಹೆಬ್ಬಳ್ಳಿ ಹುಡುಗಿ ಪಿಎಚ್‌ಡಿ ಮಾಡೋದಂದ್ರ ಎಮ್ಮಿ ಮರ ಹತ್ತಿದಂಗ" ಎಂದು ನಕ್ಕವರು ನನ್ನ ಸೋದರಮಾವ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು.

ಧಾರವಾಡದ ನಮ್ಮ ಪ್ರಯೋಗಾಲಯದ ಅಟೆಂಡರ್ ಮಾತ್ರ ನಗಲಿಲ್ಲ. ಹುಟ್ಟಿನಿಂದಲೇ ನಮ್ಮನ್ನು ರೋಗದಿಂದ ಕಾಯುವ ಒಂದು ಪ್ರೊಟೀನನ್ನು ಗುರುತಿಸುವ ಪ್ರತಿಕಾಯ, ಅಂದರೆ ಆಂಟಿಬಾಡಿ, ಒಂದು ಸೀಸೆಯಲ್ಲಿ ಪರದೇಶದಿಂದ ಬಂದಿತ್ತು. ಹೆಬ್ಬೆರಳಿನಷ್ಟಿದ್ದ ಆ ಸೀಸೆಯ ಮೇಲೇ ನನ್ನ ಸಂಶೋಧನೆಯೆಲ್ಲ ನಿಂತಿತ್ತು. ಕರಗಿ ಮತ್ತೆ ಹೆಪ್ಪುಗಟ್ಟಿದರೆ ಅದು ಕೆಡುತ್ತದೆ. ಅಟೆಂಡರ್ ಅದನ್ನು ಪುಟ್ಟ ನಳಿಗೆಗಳಿಗೆ ಹಂಚಿ ಫ್ರೀಜರಿನಲ್ಲಿಟ್ಟು, ದಿನಾ ಅದೇ ಮಾತು ಹೇಳುತ್ತಿದ್ದರು: "ಬೇಕಾದಷ್ಟ ತಗಿ ತಂಗಿ, ಉಳಿದದ್ದನ್ನ ಎಬ್ಬಿಸಬ್ಯಾಡ."

ಒಂದು ಬೇಸಿಗೆಯ ಮಧ್ಯಾಹ್ನ ಕರೆಂಟ್ ಹೋಯಿತು. ನಾಳೆಯವರೆಗೂ ಬರುವುದಿಲ್ಲ ಎಂದರು. ನಾನು ಅಳುತ್ತ ನಿಂತೆ. ಅಟೆಂಡರ್ ಕುಲ್ಫಿ ಮಾಡುವವರಂತೆ, ಇನ್ನಷ್ಟು ತಣ್ಣಗಾಗಲೆಂದು ಐಸಿಗೆ ಉಪ್ಪು ಬೆರೆಸಿ, ಥರ್ಮಾಸಿನಲ್ಲಿ ನಳಿಗೆಗಳನ್ನು ಹೂತು, ನನ್ನನ್ನೂ ಕರೆದುಕೊಂಡು ಹುಬ್ಬಳ್ಳಿಯ ಬಸ್ ಹತ್ತಿದರು. ಅಲ್ಲಿನ ಆಸ್ಪತ್ರೆಯೊಂದರಲ್ಲಿ ಫ್ರೀಜರ್ ಇತ್ತು.

"ಕುಲ್ಫಿ ಏನ್ರಿ ಕಾಕಾ?" ಎಂದ ಕಂಡಕ್ಟರ್.

"ಇಲ್ಲೋ ತಮ್ಮಾ, ಈ ಹುಡುಗೀದು ಮೂರ ವರ್ಷದ ದುಡಿಮಿ ಐತಿ."

ಒಂದು ನಳಿಗೆಯೂ ಕರಗಲಿಲ್ಲ.

ಪದವಿಪತ್ರ ಬಂದ ದಿನ ಅದನ್ನು ಮೊದಲು ಅವರ ಕೈಗೇ ಕೊಟ್ಟೆ. ಕೈ ಒರೆಸಿಕೊಂಡು, ನಳಿಗೆ ಹಿಡಿಯುವಂತೆ ಎರಡೇ ಬೆರಳಲ್ಲಿ ಹಿಡಿದರು. ಜೊತೆಗೆ ಬಂದಿದ್ದ ಮಾವ ಅವರಿಗೆ ಕೈಮುಗಿದರು.

"ಎಮ್ಮಿ ಮರ ಹತ್ತೇತ್ರಿ. ಏಣಿ ಹಿಡದವರು ನೀವ."