ಅಮ್ಮ ಲ್ಯಾಮಿನೇಷನ್ ಮಾಡಿಸಿದ ಅಂಕಪಟ್ಟಿ

ಆಗ ನನಗೆ ಇಪ್ಪತ್ತಾರು. ಅದಕ್ಕೂ ಮೊದಲು ಜಯನಗರದ ಒಂದು ಸಣ್ಣ ಸುದ್ದಿ ಜಾಲತಾಣದಲ್ಲಿ ಎರಡು ವರ್ಷ ಸುದ್ದಿ ತಿದ್ದುವ ಕೆಲಸ ಮಾಡಿದ್ದೆ. ಒಂದು ಸೋಮವಾರ ಬೆಳಿಗ್ಗೆ ಕಚೇರಿಯ ವಾಟ್ಸ್ಆ್ಯಪ್ ಗುಂಪಿಗೆ ನಾಲ್ಕು ಸಾಲಿನ ಸಂದೇಶ ಬಂತು. ಇನ್ನು ಯಾರೂ ಬರಬೇಕಾಗಿಲ್ಲ ಎಂಬುದು ಅದರ ಸಾರ. ಸಂಜೆಯೊಳಗೆ ಆ ಗುಂಪಿನಿಂದಲೂ ನಮ್ಮನ್ನು ತೆಗೆದಿದ್ದರು.

ಅಲ್ಲಿಂದ ಮುಂದೆ ನನಗೆ ಬೇಕಾಗಿದ್ದು ಒಂದೇ: ನಾಲ್ಕು ಸಾಲಿನಲ್ಲಿ ಮುಗಿದುಹೋಗದಂಥ ಕೆಲಸ. ಒಂದು ವರ್ಷ ಓದಿ, ಸರ್ಕಾರಿ ನಿಗಮವೊಂದರ ಸಹಾಯಕರ ಹುದ್ದೆಗೆ ಪರೀಕ್ಷೆ ಬರೆದೆ. ಇದ್ದದ್ದು ಆರು ಹುದ್ದೆ, ಪಟ್ಟಿಯಲ್ಲಿ ನಾನು ಆರನೆಯವಳು. ಮೂಲ ದಾಖಲೆಗಳ ಪರಿಶೀಲನೆಯೊಂದು ಬಾಕಿ. ಅದಕ್ಕೆ ಕರೆದ ಪತ್ರದ ಕೊನೆಯ ಷರತ್ತು ಹೀಗಿತ್ತು: ಲ್ಯಾಮಿನೇಷನ್ ಮಾಡಿದ ದಾಖಲೆಗಳನ್ನು ಸ್ವೀಕರಿಸಲಾಗುವುದಿಲ್ಲ. ನನ್ನವು ಹಾಗಿಲ್ಲವಲ್ಲ ಎಂದುಕೊಂಡು ಪತ್ರ ಮಡಚಿಟ್ಟೆ.

ಚಿಕ್ಕಲಸಂದ್ರದ ನಮ್ಮ ಮನೆಯಲ್ಲಿ ಒಂದು ರೂಢಿಯಿತ್ತು. ಪರೀಕ್ಷೆ, ಸಂದರ್ಶನ ಏನೇ ಇರಲಿ, ಅಮ್ಮ ನನ್ನ ಅಂಕಪಟ್ಟಿಗಳನ್ನು ದೇವರ ಮುಂದಿಟ್ಟು ಮೂಲೆಗೆ ವಿಭೂತಿ, ಕುಂಕುಮ ಹಚ್ಚುತ್ತಿದ್ದಳು. ಪದವಿಯ ಅಂಕಪಟ್ಟಿಯ ಮೂಲೆ ಹೀಗೇ ಕೆಂಪಾಗಿತ್ತು. ಪರಿಶೀಲನೆಯ ಪತ್ರ ಬಂದ ದಿನ ಅದನ್ನು ನೋಡಿ ರೇಗಿದ್ದೆ.

"ಕಾಗದಕ್ಕೆ ಕುಂಕುಮ ಹಚ್ಬೇಡ ಅಂತ ಎಷ್ಟು ಸಲ ಹೇಳ್ಲಮ್ಮ? ಒಂದು ಅಕ್ಷರ ಅಳಿಸಿಹೋದ್ರೂ ನನ್ನ ಕಥೆ ಮುಗೀತು."

ಪರಿಶೀಲನೆಗೆ ಎರಡು ದಿನ ಇರುವಾಗ, ಸಂಜೆ ಅಮ್ಮ ದೀಪ ಹಚ್ಚಿ ನನ್ನನ್ನು ಕರೆದಳು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಮೇಲೆ ದೊಡ್ಡದೊಂದು ಕುಂಕುಮದ ಬೊಟ್ಟು. ನಾನು ಬಾಯಿ ತೆರೆಯುವ ಮೊದಲೇ ಸೆರಗಿನ ತುದಿಯಿಂದ ಒರೆಸಿದಳು. ಬೊಟ್ಟು ಗುರುತೂ ಉಳಿಯದಂತೆ ಹೋಯಿತು.

"ನೋಡು, ಒರೆಸಿದ್ರೆ ಹೋಗುತ್ತೆ. ಇನ್ಮೇಲೆ ನೀನೂ ಬೈಯಂಗಿಲ್ಲ, ದೇವ್ರಿಗೂ ಬೇಜಾರಿಲ್ಲ."

ದೀಪದ ಬೆಳಕು ಕಾಗದದ ಮೇಲೆ ಹೊಳೆಯುತ್ತಿತ್ತು. ಮುಟ್ಟಿ ನೋಡಿದೆ: ಲ್ಯಾಮಿನೇಷನ್.

"ಎಲ್ಲಾನೂ ಮಾಡ್ಸಿದ್ಯಾ?"

"ಇದೊಂದೇ. ಶೀಟ್ ಖಾಲಿ ಆಯ್ತು, ಮಿಕ್ಕಿದ್ದು ನಾಳೆ ತನ್ನಿ ಅಂದ್ರು."

ನನ್ನ ಹುಟ್ಟಿದ ದಿನಾಂಕಕ್ಕೆ ಆಧಾರ ಆ ಒಂದೇ ಕಾಗದ.

ಲ್ಯಾಮಿನೇಷನ್ ಮಾಡಿಕೊಟ್ಟ ಜೆರಾಕ್ಸ್ ಅಂಗಡಿಯವನು ಬೀದಿಯ ಕೊನೆಯಲ್ಲಿದ್ದ; ಅವನ ಬಳಿ ಓಡಿದೆ. "ನಾನು ಕೇಳ್ದೆ ಮೇಡಂ, ಒರಿಜಿನಲ್ಲಾ ಆಂಟಿ ಅಂತ. ಹೌದಪ್ಪ, ಅದಕ್ಕೇ ದಪ್ಪ ಶೀಟ್ ಹಾಕು ಅಂದ್ರು" ಎಂದ. ತೆಗೆಯಲು ಬರುತ್ತದೆಯೇ ಎಂದು ಕೇಳಿದೆ. "ಇಸ್ತ್ರಿ ಪೆಟ್ಟಿಗೆ ಕಾಯ್ಸಿ ಮೇಲಿಟ್ಟು, ಮೆಲ್ಲಗೆ ಎಳುದ್ರೆ ಬಿಡುತ್ತೆ ಅಂತಾರೆ. ನಾನಂತೂ ಕೈ ಹಾಕಲ್ಲ ಮೇಡಂ."

ಮನೆಗೆ ಬಂದು ಷರತ್ತನ್ನು ಅಮ್ಮನಿಗೆ ಓದಿ ಹೇಳಿದೆ. ಅವಳು ಎರಡು ಸಲ ಓದಿಸಿದಳು. ಆಮೇಲೆ ಬೀರುವಿನಿಂದ ತನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತಂದಳು. ಅದನ್ನೂ ಎಷ್ಟೋ ವರ್ಷಗಳ ಹಿಂದೆ ಲ್ಯಾಮಿನೇಷನ್ ಮಾಡಿಸಿದ್ದಳು.

"ಮೊದ್ಲು ಇದ್ರ ಮೇಲೆ ಮಾಡಿ ನೋಡು. ನಂಗೆ ಇನ್ಯಾರು ಕೆಲ್ಸ ಕೊಡ್ತಾರೆ."

ಕಂಬಳಿ ಹಾಸಿ, ಒದ್ದೆ ಬಟ್ಟೆ ಮುಚ್ಚಿ, ಇಸ್ತ್ರಿ ಪೆಟ್ಟಿಗೆ ಇಟ್ಟೆ. ಪ್ಲಾಸ್ಟಿಕ್ ಗುಳ್ಳೆಯೆದ್ದಿತು. ಅಮ್ಮ ಒಂದು ತುದಿ ಹಿಡಿದಳು, ನಾನು ಇನ್ನೊಂದನ್ನು ಎಳೆದೆ. ಅರ್ಧದವರೆಗೆ ಚೆನ್ನಾಗಿಯೇ ಬಂತು. ಆಮೇಲೆ ಕಾಗದ ಪದರವಾಗಿ ಕಿತ್ತು ಬರತೊಡಗಿತು. ಮೊಹರಿನ ಅರ್ಧ ಹೋಯಿತು. ತಾತನ ಹೆಸರು ಹೋಯಿತು. ಗಣಿತದ ಎಂಬತ್ತೊಂದು ಪ್ಲಾಸ್ಟಿಕ್ಕಿಗೆ ಅಂಟಿ ತಿರುಗುಮುರುಗಾಗಿ ಬಂತು. ಅಮ್ಮನಿಗೆ ಗಣಿತದಲ್ಲಿ ಅಷ್ಟು ಅಂಕ ಬಂದಿತ್ತೆಂದು ನನಗೆ ಗೊತ್ತಾದದ್ದೇ ಆಗ.

"ನಿಂದು ಮುಟ್ಬೇಡ" ಎಂದು ಅಮ್ಮ ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಆರಿಸಿದಳು.

ಪರಿಶೀಲನೆಯ ದಿನ ಬೆಳಿಗ್ಗೆ ಒಂಬತ್ತಕ್ಕೇ ನಿಗಮದ ಕಚೇರಿಯಲ್ಲಿದ್ದೆ. ಉದ್ದನೆಯ ಕೊಠಡಿ, ಪ್ಲಾಸ್ಟಿಕ್ ಕುರ್ಚಿಗಳು, ಕೊನೆಯಲ್ಲಿ ಅಧಿಕಾರಿಯ ಮೇಜು. ಕಾಯುವ ಪಟ್ಟಿಯವರನ್ನೂ ಅದೇ ದಿನ ಕರೆಸಿದ್ದರು. ನನ್ನ ಪಕ್ಕ ಕುಳಿತವಳು ಉತ್ತರ ಕರ್ನಾಟಕದ ಕಡೆಯವಳು. ಬಿಟಿಎಂನಲ್ಲಿ ಇನ್ನಿಬ್ಬರ ಜೊತೆ ಬಾಡಿಗೆ ಕೋಣೆ, ಹಗಲು ಒಂದು ಆಸ್ಪತ್ರೆಯ ಕೌಂಟರಿನಲ್ಲಿ ಕೆಲಸ.

"ನೀವು ಎಷ್ಟನೇದವ್ರು ರಿ?"

"ಆರು."

"ನಾ ಏಳು. ಕಾಯೋ ಪಟ್ಟ್ಯಾಗ ಮೊದಲನೇದಾಕಿ. ನಿಮ್ಮ ಆರು ಮಂದ್ಯಾಗ ಯಾರದರೆ ಒಬ್ರದು ಹೋತಂದ್ರ ನನ್ನ ಕರೀತಾರ." ನಕ್ಕಳು. "ಕೆಟ್ಟ ಆಸೆ ನೋಡ್ರಿ ಇದು."

ನಾನೂ ನಗಲು ಪ್ರಯತ್ನಿಸಿದೆ. ನಾಲ್ಕನೆಯವರನ್ನು ಕರೆದಾಗ ದಾಖಲೆಗಳನ್ನು ಅನುಕ್ರಮವಾಗಿ ಜೋಡಿಸಲೆಂದು ಕಡತ ತೆರೆದೆ. ಕಿಟಕಿಯ ಬೆಳಕಿಗೆ ಅಂಕಪಟ್ಟಿ ಮಿಂಚಿತು.

"ಅಯ್ಯ! ಲ್ಯಾಮಿನೇಷನ್ ಮಾಡ್ಸೀರೇನ್ರಿ?"

ಆಕೆ ಅದನ್ನು ಗಟ್ಟಿಯಾಗಿ ಹೇಳಲಿಲ್ಲ. ಆದರೂ ಇಡೀ ಕೊಠಡಿಗೆ ಕೇಳಿತು ಎಂದೇ ನನಗನ್ನಿಸಿತು. ಆಕೆ ಎದ್ದುಹೋಗಿ ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಸುಮ್ಮನೆ ಕುಳಿತಿದ್ದರೆ ಸಾಕಿತ್ತು. ಸ್ವಲ್ಪ ಹೊತ್ತು ಸುಮ್ಮನೆಯೇ ಕುಳಿತಿದ್ದಳು. ನಾನು ಆಕೆಯ ಚಪ್ಪಲಿಯನ್ನು ನೋಡುತ್ತಿದ್ದೆ. ಐದನೆಯವರು ಎದ್ದು ಹೋದ ಮೇಲೆ ತನ್ನ ಚೀಲದಿಂದ ಬಿಳಿ ಹಾಳೆಯೊಂದನ್ನು ತೆಗೆದು ನನ್ನ ತೊಡೆಯ ಮೇಲಿಟ್ಟಳು.

"ಅವರು ಕೇಳೂಕಿಂತ ಮೊದ್ಲ ನೀವ ಅರ್ಜಿ ಕೊಡ್ರಿ. ಹದಿನೈದು ದಿನಾ ಟೈಮ್ ಕೇಳ್ರಿ. ಬಾಯ್ಲೆ ಕೇಳಿದ್ರ ಆಗಂಗಿಲ್ಲ ಅಂತಾರ. ಬರದು ಕೊಟ್ರ ಫೈಲಿಗೆ ಹಾಕ್ಲೇಬೇಕು. ಲಗೂನ ಬರೀರಿ."

ಬರೆದೆ. 'ಮನೆಯವರಿಗೆ ತಿಳಿಯದೆ' ಎಂದು ಆರಂಭಿಸಿ ಅದನ್ನು ಹೊಡೆದುಹಾಕಿ, 'ನನ್ನ ಅಜಾಗರೂಕತೆಯಿಂದ' ಎಂದು ಬರೆದೆ. ಸಹಿ ಅರ್ಧ ಹಾಕುವಾಗಲೇ ನನ್ನ ಸಂಖ್ಯೆ ಕರೆದರು.

ಅಧಿಕಾರಿ ಅಂಕಪಟ್ಟಿಯನ್ನು ಬೆಳಕಿಗೆ ಹಿಡಿದರು. ಮೊಹರಿನ ಉಬ್ಬು ಸಿಗುತ್ತದೆಯೇ ಎಂದು ಹೆಬ್ಬೆರಳಿನಿಂದ ಉಜ್ಜಿದರು.

"ಏನಮ್ಮ, ಇದಕ್ಕೆ ರೈನ್‌ಕೋಟ್ ಹಾಕ್ಸಿದೀರಾ? ಪತ್ರ ಓದ್ಲಿಲ್ವಾ?"

"ಓದಿದ್ದೆ ಸಾರ್. ಅರ್ಜಿ ಇದೆ."

ಅವರು ಅರ್ಜಿ ಓದಿದರು. ಪಕ್ಕದ ಗುಮಾಸ್ತರಿಗೆ ತೋರಿಸಿದರು. ಗುಮಾಸ್ತರು ಭುಜ ಹಾರಿಸಿದರು.

"ಹದಿನೈದು ಆಗಲ್ಲ. ಹತ್ತು ದಿನ. ಇದನ್ನ ಕೊಟ್ಟು ಹೊಸ ಪ್ರತಿ ತಗೊಂಬನ್ನಿ. ಹನ್ನೊಂದನೇ ದಿನ ಬಂದ್ರೆ ಮುಂದಿನವ್ರನ್ನ ಕರ್ದಿರ್ತೀನಿ."

ಮುಂದಿನವಳು ನನ್ನ ಹಿಂದೆ ಎಂಟು ಅಡಿ ದೂರದಲ್ಲಿ ಕುಳಿತಿದ್ದಳು.

ಹೊರಗೆ ಗೇಟಿನ ಬಳಿ ನಿಂತಿದ್ದ ನನ್ನ ಹತ್ತಿರ, ತನ್ನ ಸರದಿ ಮುಗಿಸಿಕೊಂಡು ಆಕೆ ಬಂದಳು. "ನಿಮ್ಮ ನಂಬರ್ ಕೊಡ್ರಿ. ಹತ್ತನೇ ದಿನಾ ಫೋನ್ ಮಾಡ್ತೀನಿ. ಆಗ್ಲಿಲ್ಲಂದ್ರ ಖರೇ ಹೇಳ್ರಿ ಮತ್ತ, ನಾ ತಯಾರಾಗಬೇಕು." ಒಂದು ಅಂಕಿ ತಪ್ಪಾಗಿ ಹೇಳಬಹುದು ಎಂಬ ಯೋಚನೆ ಬಂದದ್ದು ನಿಜ. ಸರಿಯಾಗಿ ಹೇಳಿದೆ.

ಅಂಕಪಟ್ಟಿಯ ಹೊಸ ಪ್ರತಿ ಕೊಡುವ ಪರೀಕ್ಷಾ ಮಂಡಳಿಯ ಕಚೇರಿಯ ಕಿಟಕಿಯ ಮುಂದೆ ದಿನವೂ ನಿಂತೆ. ಸಹಿ ಮಾಡುವವರು ರಜೆಯಲ್ಲಿದ್ದರು, ಬಂದ ಮೇಲೆ ಸಭೆಯಲ್ಲಿದ್ದರು. ಮನೆಯಲ್ಲಿ ಅಮ್ಮ ಏನನ್ನೂ ಕೇಳುತ್ತಿರಲಿಲ್ಲ. ನಾನು ಚಪ್ಪಲಿ ಬಿಡುವ ರೀತಿಯಲ್ಲೇ ಉತ್ತರ ತಿಳಿದುಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು. ಒಂಬತ್ತನೆಯ ದಿನ ಮಧ್ಯಾಹ್ನ ನಾಲ್ಕಕ್ಕೆ ಪ್ರತಿ ಕೈಗೆ ಬಂತು. ಹತ್ತನೆಯ ದಿನ ಬೆಳಿಗ್ಗೆ ನಿಗಮದಲ್ಲಿ ಒಪ್ಪಿಸಿ ಸ್ವೀಕೃತಿ ಪಡೆದೆ.

ಅಂದು ಸಂಜೆ ಐದೂವರೆಗೆ ಫೋನ್ ಬಂತು. ಆಕೆಯ ಹಿಂದೆ ಬಸ್ಸುಗಳ ಸದ್ದು.

"ಏನಾತ್ರಿ?"

"ಆಯ್ತು."

ಕರೆ ಕಡಿದುಹೋಯಿತೇನೋ ಎಂದು ಪರದೆ ನೋಡಿದೆ. ಕಡಿದಿರಲಿಲ್ಲ.

"ಛಲೋ ಆತು ಬಿಡ್ರಿ" ಎಂದಳು. ಆಮೇಲೆ, "ನೀವು ಈಗ ಒಳಗಿನವ್ರು ಆದ್ರಲ್ರಿ. ಮುಂದಿನ ಪರೀಕ್ಷಾ ಯಾವಾಗ ಕರೀತಾರ ಅಂತ ಗೊತ್ತಾದ್ರ ನನಗ ಮೊದ್ಲ ತಿಳಸ್ರಿ."

ನಾನಿನ್ನೂ ಒಳಗೆ ಒಂದು ದಿನವೂ ಕುಳಿತಿರಲಿಲ್ಲ. ತಿಳಿಸುತ್ತೇನೆ ಎಂದೆ.