ಬೀಗರಾಗಬಹುದಾದವರ ಎದುರು ಮೌನ

ಮೌನ ಒಂದು ದೊಡ್ಡ ಗುಣವೆಂದು ವರ್ಷಾನುಗಟ್ಟಲೆ ತರಗತಿಯಲ್ಲಿ ಮೇಜು ಕುಟ್ಟಿ ಸಾರಿದವನು ನಾನು. ಅದನ್ನು ಸ್ವತಃ ಆಚರಿಸುವ ಪ್ರಸಂಗ ಬರುತ್ತದೆಂದು ಮಾತ್ರ ಎಣಿಸಿರಲಿಲ್ಲ.

ಮಗನಿಗೆ ಮೂವತ್ತನಾಲ್ಕು ತುಂಬಿತ್ತು. ಶಿಕಾರಿಪುರದಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಸುತ್ತಲ ಹಳ್ಳಿಗಳ ಪಂಪ್‌ಸೆಟ್ಟು ಸುಟ್ಟಾಗಲೆಲ್ಲ ನಮ್ಮ ಮನೆಯ ಒಲೆ ಉರಿಯುತ್ತದೆ. ಆದರೆ ಹೆಣ್ಣು ಹೆತ್ತವರಿಗೆ ಸರ್ಕಾರಿ ನೌಕರಿಯವನೇ ಬೇಕು. ನಮ್ಮ ಕಡೆ ಕ್ರೈಸ್ತರ ಮನೆಗಳೇ ಬೆರಳೆಣಿಕೆ. ಅದರಲ್ಲಿ ಮದುವೆಗೆ ಬಂದ ಹೆಣ್ಣಿರುವ ಮನೆ, ಆ ಹೆಣ್ಣಿಗೆ ಗ್ರೀಸ್ ಹತ್ತಿದ ಕೈ ಒಪ್ಪಿಗೆಯಾಗುವ ಮನೆ ಎಂದು ಹುಡುಕುತ್ತ ಹೋದರೆ ನಾವೇ ಮುದುಕರಾಗುತ್ತಿದ್ದೆವು. ಕೊನೆಗೆ ಉಳವಿ ಕಡೆಯ ಅಕ್ಕಿ ಗಿರಣಿಯವರ ಮಗಳು, ಸೊರಬದ ಸೊಸೈಟಿಯಲ್ಲಿ ಕೆಲಸ ಮಾಡುವವಳು, ಗೊತ್ತಾದಳು. ಹೋಗಿ ನೋಡಿದೆವು. ಹುಡುಗ, ಹುಡುಗಿ ಹಿತ್ತಲಲ್ಲಿ ನಿಂತು ಮಾತಾಡಿ ನಗುತ್ತ ಒಳಗೆ ಬಂದರು. ಅಷ್ಟರಲ್ಲಿ ನಾನು ಜಗುಲಿಯಲ್ಲಿ ಕೂತು ನಮ್ಮ ಮನೆತನ, ಇಂದಿನ ಶಿಕ್ಷಣದ ಅಧೋಗತಿ ಮೊದಲಾದ ಅಗತ್ಯ ವಿಷಯಗಳನ್ನು ಸಂಕ್ಷೇಪವಾಗಿ, ಊಟಕ್ಕೆ ಎಬ್ಬಿಸುವವರೆಗೆ, ನಿರೂಪಿಸಿದ್ದೆ. ಹೊರಡುವಾಗ ಗಿರಣಿಯವರು ಕೈ ಮುಗಿದು, "ಧ್ಯಾನಕೂಟ ಮುಗ್ಸ್ಕಂಡು ಬಂದು ಹೇಳ್ತೀನಿ ಮೇಷ್ಟ್ರೇ" ಎಂದರು.

ಹೆಂಡತಿಗೆ ಅಷ್ಟು ದಿನ ಕಾಯುವ ತಾಳ್ಮೆಯಿರಲಿಲ್ಲ. "ನೀವೂ ಹೋಗ್ರೀ ಆ ಧ್ಯಾನಕೂಟಕ್ಕೆ. ಊಟಕ್ಕೆ ಕೂತಾಗ ನೈಸಾಗಿ ಕೇಳ್ರೀ. ಮಗನ ಮುಖ ನೋಡಾಕಾಗವಲ್ದು ನಂಗೆ. ಫೋನ್ ಬಂದಾಗೆಲ್ಲ ಎದ್ದು ಓಡ್ತಾನೆ, ನೋಡಿದ್ರೆ ಯಾವನೋ ಬೋರ್‌ವೆಲ್ನೋನು."

ನಮಗೆ ಗೊತ್ತಿದ್ದ ಧ್ಯಾನಕೂಟವೆಂದರೆ ಶಾಮಿಯಾನ, ಮೈಕು, ಚಪ್ಪಾಳೆ, ಗಂಟಲು ಹರಿಯುವಂಥ ಹಾಡು. ಸೊರಬದಾಚೆ ಬಸ್ಸಿಳಿದು, ಗದ್ದೆಗಳ ನಡುವಿನ ಮಣ್ಣುದಾರಿ ಹಿಡಿದು ಧ್ಯಾನಮಂದಿರ ಮುಟ್ಟಿದಾಗ ಶಾಮಿಯಾನವೂ ಇಲ್ಲ, ಮೈಕೂ ಇಲ್ಲ. ಬಾಗಿಲಲ್ಲಿದ್ದ ಸಿಸ್ಟರ್ ತುಟಿಯ ಮೇಲೆ ಬೆರಳಿಟ್ಟರು.

"ಇದು ಮೌನ ಧ್ಯಾನಕೂಟ. ಭಾನುವಾರದ ಪೂಜೆ ಮುಗಿಯೋ ತನಕ ಯಾರ ಹತ್ರಾನೂ ಮಾತಿಲ್ಲ. ಫೋನ್ ಈ ಬುಟ್ಟಿಗೆ ಹಾಕಿ."

"ಸಿಸ್ಟರ್, ಇಲ್ಲೊಬ್ರ ಹತ್ರ ಒಂದೇ ಒಂದು ಮಾತು ಕೇಳೋದಿತ್ತು..."

"ದೇವರನ್ನ ಕೇಳಿ."

ದೇವರನ್ನು ಆಗಲೇ ಕೇಳಿಯಾಗಿತ್ತು. ಉತ್ತರ ಇದ್ದದ್ದು ಗಿರಣಿಯವರ ಬಳಿ.

ಶುಕ್ರವಾರದ ಊಟಕ್ಕೆ ಕೂತರೆ ಅವರು ನನ್ನೆದುರಿಗೇ. ನನ್ನನ್ನು ಕಂಡು ಮುಗುಳ್ನಕ್ಕರು. ಗಂಜಿ ಆರುವವರೆಗೂ ಆ ನಗುವನ್ನು ಪದ ಬಿಡಿಸಿದಂತೆ ಬಿಡಿಸಿ ನೋಡಿದೆ. ಬೀಗರನ್ನು ಕಂಡು ನಗುವ ನಗುವೇ, ಆಸ್ಪತ್ರೆಯಲ್ಲಿ ಮಲಗಿದವರನ್ನು ಕಂಡು ನಗುವಂಥದ್ದೇ? ತಿಳಿಯಲಿಲ್ಲ. ಉಪ್ಪಿನಕಾಯಿಯ ಬಟ್ಟಲನ್ನು ನನ್ನತ್ತ ಸರಿಸಿದರು. ಸಂಬಂಧ ಒಪ್ಪಿದವರು ಸರಿಸುತ್ತಾರೆ. ಸಂಬಂಧ ಬೇಡವೆನ್ನಲು ಸಂಕೋಚಪಡುವವರೂ ಸರಿಸುತ್ತಾರೆ.

ಮರುದಿನ ಫಾದರ್ ಮೌನದ ಮಹಿಮೆಯನ್ನು ಬೆಳಿಗ್ಗೆ ಒಂದು ಗಂಟೆ, ಮಧ್ಯಾಹ್ನ ಒಂದು ಗಂಟೆ ವಿವರಿಸಿದರು. ಇಡೀ ಆವರಣದಲ್ಲಿ ಬಾಯಿ ತೆರೆಯುವ ಅಧಿಕಾರವಿದ್ದ ಏಕೈಕ ಗಂಡಸು ಅದನ್ನು ಮೌನದ ಪರವಾಗಿ ಖರ್ಚುಮಾಡುತ್ತಿದ್ದುದನ್ನು ಕಂಡು ನನಗೆ ಹೊಟ್ಟೆ ಉರಿಯಿತು. ಸಂಜೆ ಗುಡ್ಡದ ಮೇಲೆ ಶಿಲುಬೆ ಹಾದಿ, ಸಾಲಾಗಿ ನೆಟ್ಟ ಒಂದೊಂದು ಶಿಲುಬೆಯ ಮುಂದೂ ನಿಂತು ಪ್ರಾರ್ಥಿಸುತ್ತ ಏರುವುದು. ಗಿರಣಿಯವರ ಪಕ್ಕ ಸೇರಿಕೊಂಡು ಅರ್ಥಗರ್ಭಿತವಾಗಿ ಕೆಮ್ಮಿದೆ. ಅವರು ತಿರುಗಿ ನೋಡಿದರು. ಇನ್ನೊಮ್ಮೆ, ಸ್ವಲ್ಪ ಪ್ರಶ್ನಾರ್ಥಕವಾಗಿ, ಕೆಮ್ಮಿದೆ. ಅವರು ಜೇಬಿನಿಂದ ಒಂದು ಶುಂಠಿ ಪೆಪ್ಪರಮೆಂಟು ತೆಗೆದು ನನ್ನ ಅಂಗೈಯಲ್ಲಿಟ್ಟು ಮುಂದಿನ ಶಿಲುಬೆಗೆ ನಡೆದರು.

ಮಾತಿಗೆ ಉಳಿದಿದ್ದ ಏಕೈಕ ಸ್ಥಳ, ಹೇಳಿದ್ದು ಫಾದರ್ ಕಿವಿ ದಾಟದ ಪಾಪನಿವೇದನೆಯ ಪೀಠ. ಗಿರಣಿಯವರು ಎದ್ದುಬಂದ ಜಾಗಕ್ಕೇ ಹೋಗಿ ಮೊಣಕಾಲೂರಿದೆ. ಮಗನ ವಯಸ್ಸಿನಿಂದ ಪೆಪ್ಪರಮೆಂಟಿನವರೆಗೆ ಸಮಸ್ತವನ್ನೂ ಅರಿಕೆ ಮಾಡಿದೆ.

ಫಾದರ್ ಕೊನೆಯವರೆಗೂ ಕೇಳಿ, "ಇದ್ರಲ್ಲಿ ಪಾಪ ಎಲ್ಲಿದೆ ಮೇಷ್ಟ್ರೇ?" ಎಂದರು.

"ಸಿಟ್ಟು ಬಂದಿದೆ ಫಾದರ್."

"ಯಾರ ಮೇಲೆ?"

"ಸುಮಾರಾಗಿ ಎಲ್ಲರ ಮೇಲೂ." ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಅವರೂ ಈಗ ತಾನೆ ನಿಮ್ಮ ಹತ್ರ ಬಂದು ಹೋದ್ರಲ್ಲ ಫಾದರ್. ನಮ್ಮ ವಿಷಯ ಏನಾದ್ರೂ..."

"ಪಾಪನಿವೇದನೇಲಿ ಯಾರು ಏನಂದ್ರು ಅಂತ ನನ್ನನ್ನ ಕೇಳ್ತಿದೀರಾ?"

ಪಾಪವಿಲ್ಲದೆ ಹೋದವನು ಅಲ್ಲಿಯೇ ಒಂದನ್ನು ಮಾಡಿಕೊಂಡೆ. ಪ್ರಾಯಶ್ಚಿತ್ತ: ಇನ್ನೊಂದು ಗಂಟೆ ದೇವಾಲಯದಲ್ಲಿ ಸುಮ್ಮನೆ ಕೂರುವುದು. ಕೂತೆ. ಎರಡು ಸಾಲು ಹಿಂದೆ ಗಿರಣಿಯವರು ಕೂತಿದ್ದರು. ಅವರ ದೃಷ್ಟಿ ಬಲಿಪೀಠದ ಮೇಲಿರಬೇಕಿತ್ತು. ತಿರುಗಿ ನೋಡಿದಾಗಲೆಲ್ಲ ನನ್ನ ಬೆನ್ನ ಮೇಲಿತ್ತು.

ಭಾನುವಾರ ಪೂಜೆ ಮುಗಿದು ಗಂಟೆ ಹೊಡೆಯಿತು. ಜನ ಒಮ್ಮೆಲೇ ಗಲಗಲ ಎಂದರು. ಗಿರಣಿಯವರು ನೇರ ಬಂದು ನನ್ನ ಕೈ ಹಿಡಿದರು.

"ಹುಡುಗನ ಬಗ್ಗೆ ನಮ್ಗೆ ಎರಡು ಮಾತಿಲ್ಲ ಮೇಷ್ಟ್ರೇ. ಮಗಳಿಗೂ ಅಡ್ಡಿಲ್ಲ. ಅವ್ಳು ಅಂದಿದ್ದು ಒಂದೇ. ಹೇಳ್ಲಾ? ಬೇಜಾರಾಗ್ಬೇಡಿ."

"ಹೇಳಿ."

"'ಸೊಸೈಟಿಲಿ ದಿನವಿಡೀ ಜನರ ಮಾತು ಕೇಳಿ ತಲೆ ಚಿಟ್ಟು ಹಿಡ್ದಿರ್ತದೆ ಅಪ್ಪಾ, ಆ ಮನೇಲಿ ಮಾವನ್ನ ಸುಮ್ನಿರ್ಸೋರು ಯಾರು' ಅಂದ್ಳು. ನಾನೂ ಅದೇ ಚಿಂತೇಲಿದ್ದೆ ಮಾರಾಯ್ರೇ. ನೀವಿಲ್ಲಿಗೆ ಬಂದಿದ್ದು ನೋಡಿ, ಸರಿ, ನೋಡೇಬಿಡಣ ಅಂದ್ಕಂಡೆ. ಊಟದಲ್ಲಿ ನೋಡ್ದೆ, ಗುಡ್ಡದ ಮೇಲೆ ನೋಡ್ದೆ. ಉಳಿದೋರು ಮೂಲೇಲಿ ಪಿಸಿಪಿಸಿ ಅಂತಿದ್ರು, ನಿಮ್ಮ ಬಾಯಲ್ಲಿ ಒಂದಕ್ಷರ ಇಲ್ಲ. ಮನೇಲೂ ಹಿಂಗೇ ಇರ್ತೀರಾ?"

ನನ್ನ ಬಳಿ ಸಮರ್ಪಕವಾದ ಉತ್ತರವಿತ್ತು. ಮಾತೆಂಬುದು ಸಂಸ್ಕಾರದ ಲಕ್ಷಣವೆಂದು ಪೀಠಿಕೆ ಹಾಕಿ, ಜಗುಲಿಯಲ್ಲಿ ಅಂದು ಆಡಿದ ಪ್ರತಿಯೊಂದು ವಾಕ್ಯದ ಅಗತ್ಯವನ್ನೂ ಸಮರ್ಥಿಸಿ, ಸೊಸೆಯಾಗುವವಳು ಮಾವನ ಬಗ್ಗೆ ಆಡಬಹುದಾದ ಮಾತಿನ ಮಿತಿಯೊಂದಿಗೆ ಮುಗಿಯುವ ಉತ್ತರ. ಆದರೆ ಅಂಗಡಿಯಲ್ಲಿ ಫೋನು ಹೊಡೆದುಕೊಂಡಾಗ ಕೈಯ ತಂತಿಯನ್ನು ಅಲ್ಲೇ ಬಿಟ್ಟು ಏಳುವ ಮಗ ನೆನಪಾದ. ಹೌದೆಂದು ತಲೆ ಆಡಿಸಿದೆ.

"ಹಂಗಾರೆ ಆಯ್ತು! ಹುಡುಗಂಗೆ ಇವತ್ತೇ ಹೇಳ್ಬಿಡಿ" ಎಂದು ಅವರು ನನ್ನ ಬೆನ್ನು ತಟ್ಟಿದರು. ಆಮೇಲೆ, ಬಹುಶಃ ಮನಸ್ಸು ಹಗುರಾಯಿತೆಂದು, ಶುರು ಹಚ್ಚಿಕೊಂಡರು. ಗಿರಣಿಯ ಹಳೆಯ ಬೆಲ್ಟು, ಹೊಸ ಬೆಲ್ಟು, ತೌಡಿನ ಧಾರಣೆ, ಕರೆಂಟಿನವರ ಕಾಟ, ಅವರ ತಮ್ಮನ ಮೊಣಕಾಲಿನ ಆಪರೇಷನ್ನು. ಮಣ್ಣುದಾರಿಯುದ್ದಕ್ಕೂ ಹೇಳಿದರು. ಬಸ್ಸು ಬರುವವರೆಗೂ ಹೇಳಿದರು. ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ಸೊರಬದವರೆಗೂ ಹೇಳಿದರು. ಅವುಗಳಲ್ಲಿ ಕನಿಷ್ಠ ಮೂರು ವಿಷಯಗಳಲ್ಲಿ ಅವರ ಅಭಿಪ್ರಾಯ ತಪ್ಪಾಗಿತ್ತು. ನಾನು "ಹೂಂ" ಎಂದೆ.