ಎಣ್ಣೆ ಹನಿ ಬೀಳುವ ದೂರ

೧೯೯೧ರ ಬೇಸಿಗೆಯಲ್ಲಿ, ಯುದ್ಧ ಮುಗಿದ ಮೇಲೆ, ನಾನೊಬ್ಬನೇ ಕುವೈತಿಗೆ ಮರಳಿದೆ. ಹೆಂಡತಿ, ಮಗಳು ಮೈಸೂರಿನಲ್ಲೇ ಉಳಿದರು. ಕುವೈತಿನ ಫಹಾಹೀಲ್ ಊರಿನ ನಮ್ಮ ಕಟ್ಟಡದ ಹನ್ನೆರಡು ಮನೆಗಳಲ್ಲಿ ಜನರಿದ್ದುದು ನನ್ನದರಲ್ಲಿ ಮಾತ್ರ. ಮಗಳ ಸೈಕಲ್ಲನ್ನು ಯಾರೋ ಒಯ್ದಿದ್ದರು. ಅವಳ ಶಾಲೆಯ ವೇಳಾಪಟ್ಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡೇ ಇತ್ತು. ದಿನವೂ ಅದನ್ನು ಓದಿ ಕೆಲಸಕ್ಕೆ ಹೊರಡುತ್ತಿದ್ದೆ.

ಎಣ್ಣೆ ಕಂಪನಿಯಲ್ಲಿ ನನ್ನ ಕೆಲಸ ಹನಿಗಳ ಲೆಕ್ಕ. ಅನಿಲದ ಜೊತೆ ನುಗ್ಗುವ ಎಣ್ಣೆ ಒಡೆದು ಹನಿಗಳಾಗುತ್ತದೆ. ಆ ಹನಿಗಳ ಗಾತ್ರ ಎಷ್ಟು, ವೇಗ ಎಷ್ಟು ಎಂದು ಕಂಪ್ಯೂಟರಿನಲ್ಲಿ ಕಂಡುಹಿಡಿಯುತ್ತಿದ್ದೆ. ಮೊದಲು ಇದೆಲ್ಲ ಪೈಪಿನೊಳಗೆ ನಡೆಯುವ ವಿಷಯವಾಗಿತ್ತು. ಈಗ ಯುದ್ಧದಲ್ಲಿ ಒಡೆದ ಎಣ್ಣೆ ಬಾವಿಗಳಲ್ಲಿ ಹಲವು ಉರಿಯುತ್ತಿದ್ದವು, ಕೆಲವು ಬೆಂಕಿಯಿಲ್ಲದೆ ಆಕಾಶಕ್ಕೆ ಎಣ್ಣೆ ಕಾರುತ್ತಿದ್ದವು. ಅಂಥ ಒಂದು ಬಾವಿಯ ಬಳಿ ಕೆಲಸಗಾರರ ಡೇರೆ ಹಾಕಬೇಕಿತ್ತು. ಎಣ್ಣೆ ಎಲ್ಲಿಯವರೆಗೆ ಬೀಳುತ್ತದೆ ಎಂದು ಮ್ಯಾನೇಜರ್ ಕೇಳಿದರು. ದೊಡ್ಡ ಹನಿಗಳು ಒಂದು ಕಿಲೋಮೀಟರ್ ದಾಟುವುದಿಲ್ಲ ಎಂದು ಬರೆದುಕೊಟ್ಟೆ. ಅದರಾಚೆ ಡೇರೆಗೆ ಗುರುತು ಹಾಕಿದರು.

ಆದರೂ ಮನಸ್ಸು ಒಪ್ಪಲಿಲ್ಲ. ಬಿಳಿ ಡ್ರಾಯಿಂಗ್ ಹಾಳೆಗಳನ್ನು ತೆಗೆದುಕೊಂಡು ಮರುಭೂಮಿಗೆ ಹೊರಟೆ. ಜೀಪು ಓಡಿಸುತ್ತಿದ್ದವರು ಮಂಗಳೂರಿನ ಕಡೆಯ ಬ್ಯಾರಿ, ನನಗಿಂತ ಹಿರಿಯರು. ಹಾಳೆಗಳನ್ನು ಸಾಲಾಗಿ ನೆಲಕ್ಕೆ ಹಾಸಿ, ಮೂಲೆಗಳಿಗೆ ಕಲ್ಲಿಟ್ಟು, ಜೀಪಿನಲ್ಲಿ ಕಾದು ಕುಳಿತೆವು. ಒಂದು ಗಂಟೆಯ ನಂತರ ನೋಡಿದರೆ, ಡೇರೆಗೆ ಗುರುತು ಹಾಕಿದ ಜಾಗದ ಹಾಳೆಯಲ್ಲೂ ಮೆಣಸಿನ ಕಾಳಿನಷ್ಟು ಕಪ್ಪು ಕಲೆಗಳು. ಹನಿ ಕಾಗದದ ಮೇಲೆ ಹರಡಿ ದೊಡ್ಡದಾಗಿ ಕಾಣುತ್ತದೆ, ನಿಜ. ಆ ಹರಡುವಿಕೆಯನ್ನು ಕಳೆದರೂ, ಅಷ್ಟು ದೊಡ್ಡ ಹನಿಗಳು ಅಷ್ಟು ದೂರ ಬಂದದ್ದು ನನ್ನ ಲೆಕ್ಕಕ್ಕೆ ಹೊಂದಲಿಲ್ಲ.

"ಎಲ್ಲಿ ತಪ್ಪಿತೋ ಗೊತ್ತಾಗ್ತಿಲ್ಲ," ಎಂದೆ. ಬೇರೆ ಯಾರೂ ಇರಲಿಲ್ಲ, ಅವರಿಗೇ ಹೇಳಿದೆ.

ಅವರು ಬಾವಿಯ ಕಡೆ ಕೈ ತೋರಿಸಿದರು. "ಇಲ್ಲಿ ಕೆಳಗೆ ಗಾಳಿಯೇ ಇಲ್ಲ ಸಾರ್. ಮೇಲೆ ನೋಡಿ, ಎಣ್ಣೆ ಹೇಗೆ ಓಡ್ತಾ ಉಂಟು!"

ನೆಲದ ಹತ್ತಿರ ಅಳೆದ ಗಾಳಿಯ ವೇಗವನ್ನೇ ನಾನು ಎತ್ತರಕ್ಕೂ ಹಾಕಿದ್ದೆ. ಎಣ್ಣೆ ಚಿಮ್ಮುತ್ತಿದ್ದ ಎತ್ತರದಲ್ಲಿ ಗಾಳಿ ಅದರ ಎರಡರಷ್ಟಿತ್ತು. ಎರಡು ದಿನ ಕೂತು ಲೆಕ್ಕ ತಿದ್ದಿದೆ. ಈ ಸಲ ಉತ್ತರ ಹಾಳೆಗಳಿಗೆ ಹತ್ತಿರ ಬಂತು. ಮ್ಯಾನೇಜರ್ ಮುಂದೆ ನಿಂತು, ಮೊದಲು ಬರೆದುಕೊಟ್ಟದ್ದು ತಪ್ಪು ಎಂದೆ. ಅವರು ಬಯ್ಯಲಿಲ್ಲ. ಡೇರೆಯ ಜಾಗವನ್ನು ಗಾಳಿ ಬೀಸಿ ಬರುವ ಕಡೆಗೆ ಬದಲಾಯಿಸಿದರು.

ಆ ಶುಕ್ರವಾರ ಟೆಲಿಫೋನ್ ಬೂತಿನ ಮುಂದೆ ಸಾಲಿನಲ್ಲಿ ಕಾದು ನಿಂತ ಮೇಲೆ ಮೈಸೂರಿಗೆ ಫೋನ್ ಸಿಕ್ಕಿತು. ಅಲ್ಲಿ ನಮ್ಮ ಪಕ್ಕದ ಮನೆಯವರ ಫೋನ್. ಹೆಂಡತಿ ಓಡಿ ಬಂದಳು. ಹನಿಯ ವಿಷಯ, ಗಾಳಿಯ ವಿಷಯ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

"ಸರಿ ಕಣ್ರೀ," ಎಂದಳು. "ಊಟಕ್ಕೆ ಏನ್ ಮಾಡ್ಕೋತಿದೀರಾ?"

ಅನ್ನ, ಮೊಸರು ಎನ್ನುವಷ್ಟರಲ್ಲಿ ಲೈನ್ ಕಡಿಯಿತು. ರಿಸೀವರ್ ಇನ್ನೂ ಕೈಯಲ್ಲೇ ಇತ್ತು. ನನ್ನ ಹಿಂದೆ ಸಾಲಿನಲ್ಲಿದ್ದವನು, "ಖಲಾಸ್, ಭಾಯಿ?" ಎಂದು ಮೆಲ್ಲಗೆ ಕೇಳಿದ.